ಗಜನಿಯ ಬಾಗಿಲು ಯಾರ ಕೈಯಲ್ಲಿ?

(ದತ್ತಿ ಉಪನ್ಯಾಸದ ಲಿಖಿತ ರೂಪ)



ಹವಾಮಾನ ಬದಲಾಗುತ್ತಿರುವ ಕಾಲದಲ್ಲಿ ಜೌಗು ನೆಲಗಳ ಪುನಶ್ಚೇತನವನ್ನು ಜನ ಹೇಗೆ ನೋಡುತ್ತಿದ್ದಾರೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಈ ವಿಷಯಕ್ಕೆ ದೇಶವಿದೇಶಗಳ ಉದಾಹರಣೆಗಳನ್ನು ಗುಡ್ಡೆ ಹಾಕಬಹುದು. ನಾನು ಹಾಗೆ ಮಾಡುವುದಿಲ್ಲ. ಕುಮಟೆಯ ಬಳಿ ನಮ್ಮ ಕಣ್ಣೆದುರಿಗೇ ಇರುವ ಅಘನಾಶಿನಿಯ ಅಳಿವೆಯನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಮಧ್ಯೆ ಎರಡು ಸಲ ಮಾತ್ರ ಹೊರಗಿನ ಊರಿಗೆ ಹೋಗಿ ಬರುತ್ತೇನೆ.

ಮೊದಲೇ ನನ್ನ ನಿಲುವನ್ನು ಹೇಳಿಬಿಡುವುದು ಒಳ್ಳೆಯದು. ಕರಾವಳಿಯ ಯಾವ ಯೋಜನಾ ವರದಿಯನ್ನು ತೆರೆದರೂ ಜನರಿಗೆ ಅರಿವಿನ ಕೊರತೆಯಿದೆ, ಜಾಗೃತಿ ಶಿಬಿರ ನಡೆಸಬೇಕು ಎಂಬ ಮಾತು ಒಂದು ಕಡೆ ಇದ್ದೇ ಇರುತ್ತದೆ. ಅಘನಾಶಿನಿಯ ಮಟ್ಟಿಗೆ ಈ ಮಾತು ಸುಳ್ಳು. ಇಲ್ಲಿನ ಜನರಿಗೆ ಜೌಗು ನೆಲದ ಬೆಲೆ ಗೊತ್ತಿದೆ. ಕಲ್ಲಿದ್ದಲು ಸ್ಥಾವರ ಬರುತ್ತದೆ ಎಂದಾಗ ಬೀದಿಗಿಳಿದವರು ಇವರೇ. ಕಾಂಡ್ಲ, ಅಂದರೆ ಮ್ಯಾಂಗ್ರೋವ್, ನೆಡಲು ಬಂದವರ ಜೊತೆ ಗಜನಿಯ ಬಾಯಲ್ಲಿ ನಿಂತು ವಾದಕ್ಕಿಳಿದವರೂ ಇವರೇ. ಮೊದಲನೆಯ ಸಲ ಅಭಿವೃದ್ಧಿ ವಿರೋಧಿಗಳು ಅನ್ನಿಸಿಕೊಂಡರು, ಎರಡನೆಯ ಸಲ ಪರಿಸರ ವಿರೋಧಿಗಳು ಅನ್ನಿಸಿಕೊಂಡರು. ಎರಡೂ ಸಲ ಅವರು ಕೇಳಿದ್ದು ಒಂದೇ ಪ್ರಶ್ನೆಯನ್ನು: ಈ ನೀರು ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಎಂದು ತೀರ್ಮಾನಿಸುವವರು ಯಾರು? ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ.

ಶಿರಸಿಯ ಕಡೆಯ ಗಟ್ಟದ ಮೇಲೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಲ್ಲಿ ಇದು ಅಪರೂಪ. ಮಳೆಗಾಲದಲ್ಲಿ ಸಿಹಿನೀರು ಸಮುದ್ರವನ್ನು ಹೊರಗೆ ತಳ್ಳುತ್ತದೆ, ಬೇಸಿಗೆಯಲ್ಲಿ ಸಮುದ್ರ ಭರತದ ಜೊತೆ ಬಹುದೂರ ಒಳಕ್ಕೆ ಬರುತ್ತದೆ. ಈ ಎಳೆದಾಟದ ಮೇಲೆಯೇ ಅಳಿವೆಯ ಎಲ್ಲ ಬದುಕೂ ನಿಂತಿದೆ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಹೊತ್ತಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಸೇರಿದವು. ಅದಕ್ಕೆ ಮೊದಲು, 2022ರಲ್ಲಿ, ರಂಗನತಿಟ್ಟು ಸೇರಿತ್ತು.

ಈಗ ಗಜನಿಗೆ ಬರೋಣ. ಸಭೆಯಲ್ಲಿ ಅರ್ಧ ಜನಕ್ಕೆ ಇದು ಮನೆಯ ಮಾತು, ಉಳಿದ ಅರ್ಧಕ್ಕೆ ಹೊಸದು. ಹೊಸಬರಿಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನದಿಯ ಅಂಚಿನ ತಗ್ಗು ನೆಲಕ್ಕೆ ಸುತ್ತಲೂ ಒಡ್ಡು ಕಟ್ಟಿ, ಒಡ್ಡಿನಲ್ಲಿ ಅಲ್ಲಲ್ಲಿ ಮರದ ಹಲಗೆಯ ಬಾಗಿಲು ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಆ ಬಾಗಿಲು ಒಂದೇ ದಿಕ್ಕಿಗೆ ಕೆಲಸ ಮಾಡಬೇಕು. ಇಳಿತದಲ್ಲಿ ಒಳಗಿನ ಮಳೆನೀರು ಹೊರಗೆ ಹೋಗಬೇಕು, ಭರತ ಏರಿದಾಗ ಉಪ್ಪುನೀರು ಒಳಗೆ ನುಗ್ಗಬಾರದು. ಮೇ ತಿಂಗಳಲ್ಲಿ ಗದ್ದೆಯ ಮಣ್ಣನ್ನು ಕಡಿದು ಗುಪ್ಪೆ ಮಾಡಿ ಬಿಡುತ್ತಾರೆ. ಮೊದಲ ಮಳೆಗಳು ಆ ಗುಪ್ಪೆಯೊಳಗಿನ ಉಪ್ಪನ್ನು ತೊಳೆದು ಇಳಿಸುತ್ತವೆ. ಆಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜವನ್ನು ಬಿತ್ತುತ್ತಾರೆ. ಕರಿ ಕಗ್ಗ, ಬಿಳಿ ಕಗ್ಗ ಎಂದು ಎರಡು ಬಗೆ. ಅದಕ್ಕೆ ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ನೆರೆ ಬಂದು ದಿನಗಟ್ಟಲೆ ಮುಳುಗಿದರೂ ಕೊಳೆಯುವುದಿಲ್ಲ, ಸ್ವಲ್ಪ ಉಪ್ಪು ತಾಗಿದರೂ ಸಾಯುವುದಿಲ್ಲ. ಆಳೆತ್ತರ ಬೆಳೆಯುವ ಪೈರು. ಅಕ್ಟೋಬರ್ ಹೊತ್ತಿಗೆ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು ತರುತ್ತಾರೆ, ದಂಟನ್ನು ಅಲ್ಲೇ ಬಿಡುತ್ತಾರೆ.

ಕೊಯ್ಲು ಮುಗಿದ ಮೇಲೆ ನಡೆಯುವುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಬಾಗಿಲು ತೆರೆಯುತ್ತಾರೆ. ಅಷ್ಟು ದಿನ ಹೊರಗೆ ತಡೆದಿದ್ದ ಉಪ್ಪುನೀರನ್ನು ತಾವೇ ಒಳಗೆ ಕರೆದುಕೊಳ್ಳುತ್ತಾರೆ. ನೀರಿನ ಜೊತೆ ಶೆಟ್ಲಿ ಎಂಬ ಸಿಗಡಿಯ ಮರಿ, ನೊಗ್ಲಿ ಮೀನು, ಏಡಿ ಬರುತ್ತವೆ. ಕೊಳೆಯುತ್ತಿರುವ ಕಗ್ಗದ ದಂಟು ಅವಕ್ಕೆ ಮೇವು. ಚಳಿಗಾಲದ ವಲಸೆ ಹಕ್ಕಿಗಳು ಅದೇ ಗದ್ದೆಗೆ ಇಳಿಯುತ್ತವೆ. ಮೀನು ಹಿಡಿಯುವ ಹಕ್ಕನ್ನು ಜಮೀನಿದ್ದವರ ಗಜನಿ ಸಮಿತಿ ಹರಾಜು ಹಾಕುತ್ತದೆ, ಬಂದ ಹಣದಲ್ಲಿ ಒಡ್ಡು, ಬಾಗಿಲಿನ ದುರಸ್ತಿ. ಬೇಸಿಗೆಯ ಕೊನೆಗೆ ಮತ್ತೆ ಬಾಗಿಲು ಮುಚ್ಚಿ ನೆಲ ಒಣಗಿಸುತ್ತಾರೆ. ವರ್ಷದ ಅರ್ಧ ಭತ್ತ, ಇನ್ನರ್ಧ ಮೀನು. ನಡುವೆ ಒಂದು ಹಲಗೆ, ಅದನ್ನು ಕಾಯುವ ಒಬ್ಬ ಮನುಷ್ಯ.

ಒಡ್ಡಿನಾಚೆ ಕಾಂಡ್ಲ ಕಾಡು. ಅದರಾಚೆ ಇಳಿತದಲ್ಲಿ ಬಯಲಾಗುವ ರಾಡಿಯ ದಿಬ್ಬಗಳು. ನೀರು ಇಳಿದ ಹೊತ್ತಿಗೆ ಅಂಬಿಗ, ಹಾಲಕ್ಕಿ, ಹರಿಕಂತ್ರ ಮನೆಗಳ ಹೆಂಗಸರು ದೋಣಿಯಲ್ಲೋ ನಡೆದೋ ಅಲ್ಲಿಗೆ ಹೋಗಿ, ಬಗ್ಗಿ ರಾಡಿಯಲ್ಲಿ ಕೈಯಾಡಿಸಿ ಬಳಚು, ಚಿಪ್ಪಿಕಲ್ಲು ಆಯುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಮಾಡಿದ ಲೆಕ್ಕದಲ್ಲಿ ಸುಮಾರು 2,300 ಜನ ಈ ಕೆಲಸದಲ್ಲಿದ್ದರು, ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿ ಸಿಗುತ್ತಿತ್ತು, ಅದರ ಬೆಲೆ 5.8 ಕೋಟಿ ರೂಪಾಯಿಯ ಹತ್ತಿರ ಇತ್ತು. ಕಂದಾಯ ದಾಖಲೆಯಲ್ಲಿ ಈ ಬಯಲಿಗೆ ಪಹಣಿಯಿಲ್ಲ, ಆಯುವವರಿಗೆ ಪಟ್ಟಾ ಇಲ್ಲ. ದೂರದಿಂದ ನೋಡಿದವರಿಗೆ ಅದು ಖಾಲಿ ಜಾಗ. ಅಲ್ಲಿ ಏನನ್ನಾದರೂ ನೆಡಬಹುದು, ಕಟ್ಟಬಹುದು ಅನ್ನಿಸುತ್ತದೆ.

ಇಷ್ಟು ಚೆನ್ನಾಗಿದ್ದ ವ್ಯವಸ್ಥೆ ಹಾಳಾದದ್ದು ಒಂದೇ ಏಟಿಗಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1948ರಲ್ಲಿ, ಉಪ್ಪುನೀರು ನುಗ್ಗುವ ನೆಲಗಳಿಗಾಗಿ ಖಾರ್‌ಲ್ಯಾಂಡ್ ಕಾಯ್ದೆ ಬಂತು. ಒಡ್ಡು ಕಟ್ಟುವುದು ಸರ್ಕಾರದ ಕೆಲಸವಾಗತೊಡಗಿತು. ಕಲ್ಲಿನ ಗಟ್ಟಿ ಒಡ್ಡುಗಳು ಬಂದಾಗ ಜನ ಸಂತೋಷಪಟ್ಟರು, ಪಡಬೇಕಾದದ್ದೇ. ಏಡಿ ತೂತು ಕೊರೆದ ಮಣ್ಣಿನ ಒಡ್ಡನ್ನು ಅಮಾವಾಸ್ಯೆಯ ರಾತ್ರಿ ಲಾಟೀನು ಹಿಡಿದು ಕಾಯುವ ಕಷ್ಟ ತಪ್ಪಿತು. ಆದರೆ ವರ್ಷವರ್ಷ ಒಡ್ಡು ಕಟ್ಟಲು ಊರು ಒಟ್ಟಾಗುತ್ತಿದ್ದ ಅಭ್ಯಾಸವೂ ತಪ್ಪಿತು. 1974ರ ಭೂ ಸುಧಾರಣೆ ತಿದ್ದುಪಡಿಯಿಂದ ಉಳುವವನಿಗೆ ಭೂಮಿ ಬಂತು. ಆ ನ್ಯಾಯದ ಬಗ್ಗೆ ನನಗೆ ಒಂದು ಚೂರೂ ಅನುಮಾನವಿಲ್ಲ. ಆದರೆ ಧಣಿಯ ಜೊತೆಗೆ ಧಣಿ ಹೊತ್ತಿದ್ದ ಒಡ್ಡಿನ ಖರ್ಚೂ ಹೋಯಿತು, ಅದನ್ನು ಹೊರಲು ಇನ್ನೊಂದು ಏರ್ಪಾಡನ್ನು ಯಾರೂ ಮಾಡಲಿಲ್ಲ. ತುಂಡು ತುಂಡಾದ ಹಿಡುವಳಿಗಳ ಸಣ್ಣ ರೈತರ ಮೇಲೆ ಅದು ಬಿತ್ತು.

ಆಮೇಲೆ ಸಿಗಡಿಯ ಹಣ ಬಂತು. ಗಜನಿಯನ್ನು ವರ್ಷವಿಡೀ ಗುತ್ತಿಗೆಗೆ ಪಡೆದವರು ಮಳೆಗಾಲದಲ್ಲೂ ಉಪ್ಪುನೀರನ್ನೇ ಬಯಸಿದರು. ಗಜನಿಯ ಒಳಗೆ ಗದ್ದೆಗಳು ಬೇರೆ ಬೇರೆ, ನೀರು ಒಂದೇ. ನೂರು ಜನರ ಗಜನಿಯಲ್ಲಿ ಎಂಬತ್ತು ಜನ ಸಿಗಡಿಗೆ ಒಪ್ಪಿದರೆ ಉಳಿದ ಇಪ್ಪತ್ತು ಜನ ಭತ್ತ ಬೆಳೆಯಲು ಸಾಧ್ಯವೇ ಇಲ್ಲ. ತೊಂಬತ್ತರ ದಶಕದ ನಡುವೆ ಬಿಳಿಚುಕ್ಕೆ ರೋಗ ಸಿಗಡಿಯನ್ನು ಹೊಡೆಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೃಷಿಯ ಮೇಲೆ ಕಠಿಣ ತೀರ್ಪು ಕೊಟ್ಟಿತು. ಹಣ ಹಿಂದೆ ಸರಿಯಿತು. ಮುರಿದ ಒಡ್ಡು, ಉಪ್ಪು ಹತ್ತಿದ ನೆಲ, ಕೆಲಸ ಹುಡುಕಿಕೊಂಡು ಗೋವೆಗೋ ಬೆಂಗಳೂರಿಗೋ ಹೊರಟ ಮಕ್ಕಳು ಉಳಿದರು. ಕಗ್ಗದ ಬೀಜ ಮಾಣಿಕಟ್ಟೆಯಂಥ ಕೆಲವು ಊರುಗಳಲ್ಲಿ ಉಳಿಯಿತು. ಅಲ್ಲಿನ ರೈತರು ಸಂಘ ಕಟ್ಟಿಕೊಂಡು ಬೀಜ ಕಾಪಾಡಿದ್ದಕ್ಕೆ ನಾವೆಲ್ಲರೂ ಋಣಿಗಳು. ಒಂದು ತಳಿ ಅಳಿಯಲು ಹತ್ತು ವರ್ಷ ಬೇಕಿಲ್ಲ, ಎರಡು ಮಳೆಗಾಲ ಬಿತ್ತದೆ ಬಿಟ್ಟರೆ ಸಾಕು.

ಈ ಹಿನ್ನೆಲೆ ಇಲ್ಲದೆ ಕಾಂಡ್ಲದ ಜಗಳ ಅರ್ಥವಾಗುವುದಿಲ್ಲ. ಅರಣ್ಯ ಇಲಾಖೆ ದಶಕಗಳಿಂದ ಇಲ್ಲಿ ಕಾಂಡ್ಲ ನೆಡಿಸುತ್ತಿದೆ. 2004ರ ಸುನಾಮಿಯ ನಂತರ ದೇಶದ ಎಲ್ಲ ಕರಾವಳಿಯಲ್ಲೂ ಇದಕ್ಕೆ ಹುರುಪು ಬಂತು. 2023ರಲ್ಲಿ ಕೇಂದ್ರ ಸರ್ಕಾರ ಮಿಷ್ಟಿ ಎಂಬ ಹೆಸರಿನಲ್ಲಿ ಕಾಂಡ್ಲ ಬೆಳೆಸುವ ಯೋಜನೆಯನ್ನೇ ತಂದಿತು. ನೆಟ್ಟ ಗಿಡಗಳು ಬಹಳ ಕಡೆ ಚೆನ್ನಾಗಿ ಬಂದಿವೆ. ಮೀನಿನ ಮರಿಗಳಿಗೆ ಆಸರೆಯಾಗಿದೆ, ಒಡ್ಡಿಗೆ ಅಲೆ ಬಡಿಯುವುದು ಕಡಿಮೆಯಾಗಿದೆ. ಸಸಿ ಬೆಳೆಸಿದ, ನೆಟ್ಟ ಕೈಗಳು ಇದೇ ಊರಿನವು, ಕೂಲಿಯೂ ಇದೇ ಊರಿಗೆ ಬಂದಿದೆ. ಇದನ್ನೆಲ್ಲ ಹೇಳದೆ ದೂರನ್ನಷ್ಟೇ ಹೇಳಿದರೆ ನಾನು ಅನ್ಯಾಯ ಮಾಡಿದಂತಾಗುತ್ತದೆ.

ದೂರು ಏನು? ಒಡ್ಡಿನ ಮೇಲೆ ನಿಂತು ವಯಸ್ಸಾದ ರೈತರೊಬ್ಬರು ನನಗೆ ಹೇಳಿದ್ದು ಹೀಗೆ: "ತಮಾ, ಕಾಂಡ್ಲ ಬೇಡ ಅಂದವ್ರು ನಾವಲ್ಲ. ಕಾಂಡ್ಲ ಇದ್ರೆ ಒಡ್ಡು ಉಳೀತದೆ, ಅದು ನಮ್ಮ ಅಪ್ಪಂಗೂ ಗೊತ್ತಿತ್ತು. ಬಾಗಿಲ ಎದುರಿಗೇ ನೆಟ್ರೆ ನೀರು ಹೊರಗೆ ಹೋಗೂದು ಎಲ್ಲಿಂದ?" ಅವರು ಕೈ ತೋರಿಸಿದ ಕಡೆ ನೋಡಿದೆ. ಬಾಗಿಲಿನಿಂದ ನದಿಗೆ ಹೋಗುವ ಕಾಲುವೆಯ ಎರಡೂ ಬದಿಯಿಂದ ಬೇರುಗಳು ನಡುವಿಗೆ ಬಂದಿದ್ದವು. ಬೇರುಗಳ ಮಧ್ಯೆ ರಾಡಿ ನಿಂತು ಕಾಲುವೆಯ ತಳ ಬಾಗಿಲಿನ ಹೊಸ್ತಿಲಿಗಿಂತ ಮೇಲೆ ಬಂದಿತ್ತು. ಕಾಂಡ್ಲದ ಬೇರಿನ ಗುಣವೇ ಅದು: ನೀರಿನ ವೇಗ ಕುಗ್ಗಿಸುತ್ತದೆ, ಹೊತ್ತು ತಂದ ಮಣ್ಣು ಅಲ್ಲೇ ಕೂರುತ್ತದೆ. ಒಡ್ಡಿನ ಹೊರಗೆ ಬೇಕಾದ ಗುಣ ಬಾಗಿಲಿನ ಮುಂದೆ ಹೊರೆಯಾಗಿತ್ತು. ಒಳಗೆ ಮಳೆನೀರು ಹೊರದಾರಿಯಿಲ್ಲದೆ ನಿಂತು, ಕಗ್ಗವೂ ತಡೆಯದಷ್ಟು ದಿನ ನಿಂತು, ಆ ವರ್ಷದ ಬೆಳೆ ಹೋಗಿತ್ತು.

ಚಿಪ್ಪಿ ಆಯುವ ಹೆಂಗಸರ ದೂರು ಬೇರೆ. ರಾಡಿಯ ಬಯಲಿನ ಮೇಲೆ ಸಸಿ ನೆಟ್ಟರೆ ಕೆಲವೇ ವರ್ಷಗಳಲ್ಲಿ ಅಲ್ಲಿ ಕಾಲಿಡಲು ಆಗುವುದಿಲ್ಲ, ಬಳಚು ಇರುವುದೂ ಇಲ್ಲ. ಬಯಲು ರಾಡಿಯ ಮೇಲೆ ಕಾಂಡ್ಲ ನೆಡುವುದು ತಪ್ಪೆಂದು ಪರಿಸರ ವಿಜ್ಞಾನಿಗಳೂ ಬಹಳ ಕಾಲದಿಂದ ಹೇಳುತ್ತಿದ್ದಾರೆ. ವಲಸೆ ಹಕ್ಕಿಗಳಿಗೆ ಆ ಬಯಲೇ ಬೇಕು. ಹಾಗಿದ್ದೂ ನೆಡುತೋಪಿನ ಗುರಿ ಹೆಕ್ಟೇರಿನಲ್ಲಿ ಬರುವುದರಿಂದ, ಖಾಲಿ ಕಂಡ ಜಾಗಕ್ಕೆ ಸಸಿ ಹೋಗುತ್ತದೆ. ಇದನ್ನು ಪ್ರಶ್ನಿಸಿದ ಹೆಂಗಸರನ್ನು ಕಾಡಿಗೆ ಅಡ್ಡಬರುವವರು ಎಂದು ಬರೆದರೆ ತಪ್ಪು ಬರೆದವರದು.

ಕಲ್ಲಿದ್ದಲು ಸ್ಥಾವರದ ಕಾಲವನ್ನು ಇಲ್ಲಿ ನೆನೆಯಬೇಕು. ತದಡಿಯಲ್ಲಿ 4,000 ಮೆಗಾವಾಟಿನ ಬೃಹತ್ ಸ್ಥಾವರ ಕಟ್ಟುವ ಪ್ರಸ್ತಾವ ಬಂದಾಗ ಮೀನುಗಾರರು, ರೈತರು, ಚಿಪ್ಪಿಯವರು, ಮಠಮಂದಿರಗಳವರು, ವಿಜ್ಞಾನಿಗಳು ಒಂದೇ ಸಾಲಿನಲ್ಲಿ ನಿಂತರು. ಸ್ಥಾವರ ಬರಲಿಲ್ಲ. ಅಳಿವೆ ಈಗ ರಾಮ್ಸಾರ್ ಪಟ್ಟಿಯಲ್ಲಿ ಇರುವುದಕ್ಕೆ ಆ ಹೋರಾಟವೂ ಕಾರಣ. ಅಂಥ ಜನ ರಾಮ್ಸಾರ್ ಘೋಷಣೆ ಆದಾಗ ಹಬ್ಬ ಮಾಡಬೇಕಿತ್ತು. ಆದರೆ ಮೀನು ಹಿಡಿಯಲು ಬಿಡುತ್ತಾರೋ ಇಲ್ಲವೋ, ಮನೆ ದುರಸ್ತಿಗೆ ಪರವಾನಗಿ ಬೇಕೇನೋ ಎಂಬ ಗುಸುಗುಸು ಮೊದಲು ಹರಡಿತು. ಪಶ್ಚಿಮ ಘಟ್ಟದ ಸಂರಕ್ಷಣೆಯ ಗಾಡ್ಗೀಳ್ ವರದಿ, ಕಸ್ತೂರಿರಂಗನ್ ವರದಿಗಳ ಕಾಲದಲ್ಲಿ ಅಲ್ಲೂ ಹೀಗೇ ಆಯಿತು. ಜನರ ಭಾಷೆಯಲ್ಲಿ ಜನರ ಊರಿಗೆ ಬಂದು ಹೇಳುವ ಮೊದಲೇ ಗಡಿ ಗೆರೆ ಎಳೆದಾಗಿತ್ತು. ಪಟ್ಟಿಯಲ್ಲಿ ಹೆಸರು ಬಂದದ್ದನ್ನು ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳಬೇಕಾದವರಿಗೆ ಅಂಜಿಕೆ ಬರುವುದು ಸಹಜ. ರಾಮ್ಸಾರ್ ಒಪ್ಪಂದ ವಿವೇಕದ ಬಳಕೆಗೆ ಜಾಗ ಕೊಡುತ್ತದೆ, ಮೀನುಗಾರಿಕೆಯನ್ನೂ ಭತ್ತವನ್ನೂ ನಿಷೇಧಿಸುವುದಿಲ್ಲ. ಇದನ್ನು ಒಬ್ಬ ಅಧಿಕಾರಿ ಒಂದು ಸಂಜೆ ಪಂಚಾಯತಿ ಕಟ್ಟೆಯ ಮೇಲೆ ಕುಳಿತು ಹೇಳಿದ್ದರೆ ಅರ್ಧ ಅಂಜಿಕೆ ಅಲ್ಲೇ ಹೋಗುತ್ತಿತ್ತು.

ನಮ್ಮ ಕಾನೂನಿನಲ್ಲಿಯೇ ಇನ್ನೊಂದು ತೊಡಕಿದೆ. 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆ, ಉಪ್ಪಿನ ಆಗರ, ಮೀನು ಸಾಕಣೆಗೆಂದು ಮನುಷ್ಯ ಕಟ್ಟಿದ ಹೊಂಡಗಳನ್ನು ಜೌಗು ಪ್ರದೇಶದ ಲೆಕ್ಕದಿಂದ ಹೊರಗಿಟ್ಟಿವೆ. ರಾಮ್ಸಾರ್ ಸದಸ್ಯ ರಾಷ್ಟ್ರಗಳು 2008ರಲ್ಲೇ ಭತ್ತದ ಗದ್ದೆಯನ್ನು ಜೌಗು ನೆಲವಾಗಿ ಗೌರವಿಸುವ ನಿರ್ಣಯ ಮಾಡಿದ್ದವು. ಮನುಷ್ಯನ ಕೈ ತಾಗಿದ್ದು ಜೌಗು ನೆಲವಲ್ಲ ಎಂಬ ಎಣಿಕೆಯಲ್ಲಿ ಗಜನಿಗೆ ಜಾಗವಿಲ್ಲ, ಶತಮಾನಗಳಿಂದ ಉಪ್ಪು ತೆಗೆಯುತ್ತಿರುವ ಸಾಣಿಕಟ್ಟೆಯ ಆಗರಕ್ಕೂ ಜಾಗವಿಲ್ಲ. ಹಣ ಬರುವುದು ನಿಯಮ ಗುರುತಿಸಿದ್ದಕ್ಕೆ. ಕಾಂಡ್ಲಕ್ಕೆ ಯೋಜನೆಯಿದೆ, ಕಗ್ಗಕ್ಕೆ ಇಲ್ಲ.

ಇನ್ನು ಸಮುದ್ರದ ಮಾತು. ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಹವಾಮಾನ ವರದಿಯ ಪ್ರಕಾರ 1993ರಿಂದ 2015ರವರೆಗೆ ಉತ್ತರ ಹಿಂದೂ ಮಹಾಸಾಗರದ ಮಟ್ಟ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರಿದೆ. ಕೇಳಲು ಸಣ್ಣದು. ಆದರೆ ಗಜನಿಯ ಬಾಗಿಲು ಕೆಲಸ ಮಾಡುವುದು ಒಳಗಿನ ನೀರಿಗೂ ಇಳಿತದ ನೀರಿಗೂ ಇರುವ ಗೇಣು ಎರಡು ಗೇಣಿನ ಅಂತರದ ಮೇಲೆ. ಆ ಅಂತರ ಕರಗುತ್ತ ಬಂದ ಹಾಗೆ ನೀರು ಹೊರಗೆ ಹೋಗುವ ತಾಸುಗಳೂ ಕಡಿಮೆಯಾಗುತ್ತವೆ. ಮಳೆ ಕಡಿಮೆ ದಿನಗಳಲ್ಲಿ ಹೆಚ್ಚಾಗಿ ಸುರಿಯುತ್ತಿದೆ. 2019ರ ಆಗಸ್ಟಿನ ನೆರೆ ಈ ಸಭೆಯಲ್ಲಿರುವ ಎಲ್ಲರಿಗೂ ನೆನಪಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದದ್ದು ಗಜನಿಯಲ್ಲಿ ಬಿತ್ತನೆಯ ತಯಾರಿ ನಡೆಯುವ ಹೊತ್ತಿಗೆ. 2023ರಲ್ಲಿ ಮುಂಗಾರು ತಡವಾಯಿತು. ಮೊದಲ ಮಳೆ ತಡವಾದರೆ ಗುಪ್ಪೆಯ ಉಪ್ಪು ಇಳಿಯುವುದಿಲ್ಲ, ಬಿತ್ತಿದ ಮೊಳಕೆ ಉಳಿಯುವುದಿಲ್ಲ. ರೈತರು ಇದನ್ನೆಲ್ಲ ಹವಾಮಾನ ಬದಲಾವಣೆ ಎಂದು ಕರೆಯುತ್ತಾರೋ ಇಲ್ಲವೋ ಎಂದು ಸಮೀಕ್ಷೆ ಮಾಡುವುದರಿಂದ ಏನೂ ತಿಳಿಯುವುದಿಲ್ಲ. ಬಾಗಿಲು ಕಾಯುವವನನ್ನು ಕೇಳಿದರೆ ಎಲ್ಲವೂ ತಿಳಿಯುತ್ತದೆ.

ಸಮುದ್ರ ಏರುವಾಗ ಒಡ್ಡನ್ನು ಎತ್ತರಿಸಿ, ಕಾಂಕ್ರೀಟು ಹಾಕಿ, ಉಪ್ಪುನೀರನ್ನು ಶಾಶ್ವತವಾಗಿ ಹೊರಗಿಡಬೇಕು ಎಂಬ ಬೇಡಿಕೆ ನಮ್ಮ ಜನರಿಂದಲೇ ಬರುತ್ತಿದೆ. ಸರ್ಕಾರವೂ ಖಾರ್‌ಲ್ಯಾಂಡ್ ಕಾಮಗಾರಿಯನ್ನು ಮತ್ತೆ ಕೈಗೆತ್ತಿಕೊಂಡಿದೆ. ಈ ವಿಷಯದಲ್ಲಿ ನಾನು ನಿಮ್ಮಲ್ಲಿ ಹಲವರ ಜೊತೆ ಭಿನ್ನಾಭಿಪ್ರಾಯ ಹೊಂದಿದ್ದೇನೆ, ಅದನ್ನು ಬಿಡಿಸಿ ಹೇಳಬೇಕು.

ಬಾಂಗ್ಲಾದೇಶದ ಖುಲ್ನಾ, ಜೆಸ್ಸೋರ್ ಭಾಗದಲ್ಲಿ 1960ರ ದಶಕದಿಂದ ವಿದೇಶಿ ನೆರವಿನಲ್ಲಿ ದೊಡ್ಡ ದೊಡ್ಡ ಒಡ್ಡು ಕಟ್ಟಿ ಉಬ್ಬರದ ನೀರನ್ನು ಪೂರ್ತಿ ಹೊರಗಿಟ್ಟರು. ಮೊದಲ ವರ್ಷಗಳಲ್ಲಿ ಭತ್ತ ಚೆನ್ನಾಗಿ ಬಂತು. ಆದರೆ ನದಿ ಹೊತ್ತು ತರುವ ಮಣ್ಣು ಒಳಗೆ ಬರಲಿಲ್ಲ, ಒಳಗಿನ ನೆಲ ಕುಸಿಯುತ್ತ ಹೋಯಿತು. ಹೊರಗಿನ ನದಿಯ ತಳ ಅದೇ ಮಣ್ಣಿನಿಂದ ತುಂಬಿ ಮೇಲೆದ್ದಿತು. ಇಂದು ಅಲ್ಲಿ ಒಡ್ಡಿನೊಳಗಿನ ನೆಲ ಹೊರಗಿನ ಸುಂದರಬನದ ನೆಲಕ್ಕಿಂತ ಒಂದು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಮಳೆನೀರು ಹೊರಗೆ ಹೋಗದೆ ಊರುಗಳು ವರ್ಷಗಟ್ಟಲೆ ನೀರಿನಲ್ಲಿ ನಿಂತವು. ಕೊನೆಗೆ 1990ರಲ್ಲಿ ಬೀಲ್ ಡಾಕಾತಿಯಾದಲ್ಲಿ, 1997ರಲ್ಲಿ ಬೀಲ್ ಭಾಯ್ನಾದಲ್ಲಿ ಜನ ತಾವೇ ಒಡ್ಡು ಕಡಿದರು. ಉಬ್ಬರ ಒಳಗೆ ಬಂತು, ಮಣ್ಣು ಬಂತು, ಭಾಯ್ನಾದ ನೆಲ ಕೆಲವೇ ವರ್ಷಗಳಲ್ಲಿ ಎತ್ತರಕ್ಕೆ ಬಂತು, ನದಿಯೂ ಆಳವಾಯಿತು. ಆಮೇಲೆ ಸರ್ಕಾರ ಇದನ್ನೇ ತನ್ನ ಪದ್ಧತಿಯಾಗಿ ಮಾಡಿಕೊಂಡಿತು. ನೀರು ಬಿಟ್ಟ ವರ್ಷಗಳಲ್ಲಿ ಬೆಳೆ ಕಳೆದುಕೊಂಡವರಿಗೆ ಪರಿಹಾರ ಸರಿಯಾಗಿ ಮುಟ್ಟದೆ ಹೋದಾಗ, ಅದೇ ಪದ್ಧತಿಗೆ ಜನ ಅಡ್ಡ ನಿಂತರು.

ನೆದರ್‌ಲ್ಯಾಂಡ್ಸ್‌ನ ಝೀಲ್ಯಾಂಡಿನಲ್ಲಿ ಇದರ ಮತ್ತೊಂದು ಮುಖ ಕಾಣುತ್ತದೆ. 1953ರ ಪ್ರವಾಹದಲ್ಲಿ 1,836 ಜನರನ್ನು ಕಳೆದುಕೊಂಡ ನಾಡು ಅದು, ಅವರಲ್ಲಿ ಅರ್ಧದಷ್ಟು ಜನ ಆ ಪ್ರಾಂತದವರೇ. ಬೆಲ್ಜಿಯಂನ ಆಂಟ್ವರ್ಪ್ ಬಂದರಿಗಾಗಿ ಸ್ಕೆಲ್ಟ್ ನದಿಯನ್ನು ಆಳ ಮಾಡುವುದಕ್ಕೆ ಬದಲಾಗಿ ಹೆಡ್ವಿಗೆ ಪೋಲ್ಡರ್ ಎಂಬ ಸುಮಾರು 300 ಹೆಕ್ಟೇರ್ ಜಮೀನನ್ನು ಉಬ್ಬರಕ್ಕೆ ಬಿಟ್ಟುಕೊಡಬೇಕೆಂದು 2005ರಲ್ಲಿ ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಅಜ್ಜಂದಿರು ಸಮುದ್ರದಿಂದ ಗೆದ್ದ ನೆಲ ಎಂದು ಜನ ವರ್ಷಗಟ್ಟಲೆ ಹೋರಾಡಿದರು. ಒಡ್ಡು ಒಡೆದದ್ದು 2022ರಲ್ಲಿ. ಒಂದು ಕಡೆ ಜನ ತಾವೇ ಒಡ್ಡು ಕಡಿದರು, ಇನ್ನೊಂದು ಕಡೆ ಸರ್ಕಾರ ಕಡಿಯದಂತೆ ತಡೆಯಲು ಹೋರಾಡಿದರು. ಜೌಗು ನೆಲಕ್ಕೆ ನೀರು ಮರಳಿ ಬಿಡುವುದರ ಬಗ್ಗೆ ಜನರ ಮನೋಭಾವ ಅವರ ತಿಳಿವಳಿಕೆಯಿಂದ ಅಷ್ಟಾಗಿ ಹುಟ್ಟುವುದಿಲ್ಲ, ತೀರ್ಮಾನದಲ್ಲಿ ತಮ್ಮ ಮಾತು ನಡೆಯಿತೇ ಎಂಬುದರಿಂದ ಹುಟ್ಟುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಖುಲ್ನಾದಲ್ಲಿ ಕಷ್ಟಪಟ್ಟು ಕಲಿತದ್ದನ್ನು ಗಜನಿ ಪ್ರತಿವರ್ಷ ಮಾಡುತ್ತದೆ. ಕಗ್ಗ ಕೊಯ್ದ ಮೇಲೆ ಬಾಗಿಲು ತೆರೆದಾಗ ಮೀನಿನ ಮರಿಯೊಂದೇ ಬರುವುದಿಲ್ಲ, ರಾಡಿಯೂ ಬರುತ್ತದೆ. ದಂಟು ಕೊಳೆತು ಅದರ ಜೊತೆ ಸೇರುತ್ತದೆ. ನೆಲ ಸಮುದ್ರದ ಜೊತೆ ಒಂದಿಷ್ಟಾದರೂ ಏರುತ್ತ ಹೋಗಲು ಇದೊಂದೇ ದಾರಿ. ಆದುದರಿಂದ ಒಡ್ಡು ಗಟ್ಟಿಯಿರಲಿ, ಆದರೆ ಬಾಗಿಲಿಲ್ಲದ ಗೋಡೆ ಆಗದಿರಲಿ. ವರ್ಷವಿಡೀ ಸಿಹಿನೀರಿನ ಗದ್ದೆ ಮಾಡಿಕೊಡುತ್ತೇವೆ, ಎರಡು ಬೆಳೆ ತೆಗೆಯಬಹುದು ಎಂದು ಯಾರಾದರೂ ಬಂದರೆ ದಯವಿಟ್ಟು ಒಪ್ಪಬೇಡಿ. ಮೂವತ್ತು ವರ್ಷಗಳಲ್ಲಿ ನಿಮ್ಮ ಮಕ್ಕಳ ಗದ್ದೆ ನದಿಗಿಂತ ಕೆಳಗಿರುತ್ತದೆ.

ಮೇಲಿನಿಂದ ಬರುವ ಸಿಹಿನೀರಿನ ಬಗ್ಗೆ ಒಂದು ಮಾತು. ನೆರೆಯ ಶರಾವತಿಯನ್ನು ನೋಡಿ. ಲಿಂಗನಮಕ್ಕಿ ಕಟ್ಟಿದ ಮೇಲೆ ವಿದ್ಯುತ್ತಿಗಾಗಿ ಬೇಸಿಗೆಯಲ್ಲೂ ಸಿಹಿನೀರು ಬಿಡುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪು ಕುಗ್ಗಿತು, ಉಪ್ಪನ್ನೇ ನೆಚ್ಚಿದ್ದ ಚಿಪ್ಪಿ ಜಾತಿಗಳು ಹಿಂದೆ ಸರಿದವು. ಅಘನಾಶಿನಿಯಲ್ಲಿ ಈಗ ನೀರನ್ನು ಪೂರ್ವಕ್ಕೆ, ವೇದಾವತಿಯ ಕಡೆಗೆ, ತಿರುಗಿಸುವ ಪ್ರಸ್ತಾವವಿದೆ. ಅಲ್ಲಿ ಹೆಚ್ಚಾದದ್ದರಿಂದ ಕೆಟ್ಟಿತು, ಇಲ್ಲಿ ಕಡಿಮೆಯಾಗಿ ಕೆಡುತ್ತದೆ. ಮಳೆಗಾಲದ ಸಿಹಿನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತದೆ ಎನ್ನುವವರು ಕಗ್ಗದ ಗುಪ್ಪೆಯನ್ನು ಒಮ್ಮೆ ನೋಡಬೇಕು. ಉಪ್ಪು ತೊಳೆಯುವ ಆ ನೀರಿಲ್ಲದೆ ಗಜನಿಯಿಲ್ಲ. ಮೇಲೆ ನದಿಯನ್ನು ತಿರುಗಿಸಿ ಕೆಳಗೆ ಅಳಿವೆಯ ಪುನಶ್ಚೇತನಕ್ಕೆ ಹಣ ಕೊಡುವುದು ಜನರಿಗೆ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ, ನನಗೂ ಅರ್ಥವಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎಲ್ಲ ಗಜನಿಯೂ ಹಿಂದಿನಂತೆ ಆಗುವುದಿಲ್ಲ. ಕೆಲವು ಕಡೆ ಒಡ್ಡು ಹೋಗಿ ದಶಕಗಳಾಗಿವೆ, ಕಾಂಡ್ಲ ತಾನಾಗಿ ಬಂದು ಕಾಡಾಗಿದೆ. ಅದನ್ನು ಕಡಿದು ಮತ್ತೆ ಗದ್ದೆ ಮಾಡುವುದು ಆಗದ ಮಾತು, ಬೇಕಾಗಿಯೂ ಇಲ್ಲ. ಅಲ್ಲಿ ಪಹಣಿ ಇರುವವರಿಗೆ ಕಾಡು ಉಳಿಸಿಕೊಂಡಿದ್ದಕ್ಕಾಗಿ ವರ್ಷಕ್ಕಿಷ್ಟು ಎಂದು ಹಣ ಸಲ್ಲಬೇಕು. ಕಾಂಡ್ಲದ ಇಂಗಾಲಕ್ಕೆ ಬೆಲೆ ಕಟ್ಟುವ ಮಾತು ಎಲ್ಲೆಡೆ ನಡೆಯುತ್ತಿದೆ. ಆ ಹಣ ಮೊದಲು ತಲುಪಬೇಕಾದದ್ದು ಇವರಿಗೆ. ಒಡ್ಡು ಇನ್ನೂ ನಿಂತಿರುವ ಕಡೆ ಕಗ್ಗವನ್ನು ಮರಳಿ ತರಬಹುದು. ಒಳಗೆ ಕಗ್ಗ, ಒಡ್ಡಿನ ಹೊರಗೆ ಕಾಂಡ್ಲದ ಪಟ್ಟಿ, ಬಾಗಿಲಿನ ಕಾಲುವೆ ಮಾತ್ರ ಚೊಕ್ಕ. ರಾಡಿಯ ಬಯಲು ಬಯಲಾಗಿಯೇ ಇರಲಿ, ಅದನ್ನು ನಕ್ಷೆಯಲ್ಲಿ ಚಿಪ್ಪಿಯ ನೆಲ ಎಂದು ಬರೆಯಿರಿ. ಕಗ್ಗದ ಅಕ್ಕಿಗೆ ಸರ್ಕಾರಿ ಹಾಸ್ಟೆಲಿನಲ್ಲಿ, ಅಂಗನವಾಡಿಯಲ್ಲಿ ಜಾಗ ಸಿಕ್ಕರೆ ರೈತ ಬೀಜ ಬಿಡುವುದಿಲ್ಲ. ಕಗ್ಗದ ಕೆಂಪಕ್ಕಿಯನ್ನು ಬೆಂಗಳೂರಿನ ಅಂಗಡಿಗೆ ಕಳಿಸುವ ಮೊದಲು ಅದರ ಗಂಜಿಯನ್ನು ಕುಮಟೆಯ ಮಕ್ಕಳಿಗೆ ಬಡಿಸೋಣ.

ಕೊನೆಯದಾಗಿ ಗಜನಿ ಸಮಿತಿಯ ಬಗ್ಗೆ. ಎಲ್ಲ ಇಲಾಖೆಗಳೂ ಹೊಸ ಹೊಸ ಸಮಿತಿ ರಚಿಸುತ್ತವೆ. ಅರಣ್ಯದ್ದು ಒಂದು, ನೀರಾವರಿಯದ್ದು ಒಂದು, ಮೀನುಗಾರಿಕೆಯದ್ದು ಒಂದು. ಬಾಗಿಲು ಇರುವುದು ಒಂದೇ. ಅದನ್ನು ತಲೆಮಾರುಗಳಿಂದ ತೆರೆದು ಮುಚ್ಚಿದ ಸಮಿತಿ ಇರುವಾಗ, ಅರಣ್ಯ ಇಲಾಖೆ ಸಸಿ ನೆಡುವ ನಕ್ಷೆಯನ್ನೂ ನೀರಾವರಿ ಇಲಾಖೆ ಒಡ್ಡಿನ ಅಂದಾಜುಪಟ್ಟಿಯನ್ನೂ ಅದರ ಮುಂದೆ ಇಟ್ಟು ಸಹಿ ಪಡೆಯಬೇಕು. ಆದರೆ ಆ ಸಮಿತಿಯೂ ಬದಲಾಗಬೇಕು. ಇಂದು ಅಲ್ಲಿ ಕೂರುವುದು ಜಮೀನಿದ್ದವರು, ಅವರಲ್ಲೂ ಗಂಡಸರು. ಊರು ಬಿಟ್ಟು ಮುಂಬಯಿಯಲ್ಲಿ ನೆಲೆಸಿದವರ ಪಹಣಿಗೆ ಮತವಿದೆ, ದಿನವೂ ಅಳಿವೆಗೆ ಇಳಿಯುವ ಹೆಂಗಸಿಗೆ ಇಲ್ಲ. ಬಾಗಿಲು ಯಾವಾಗ ತೆರೆಯುತ್ತದೆ, ಕಾಲುವೆಯಿಂದ ತೆಗೆದ ಹೂಳನ್ನು ಎಲ್ಲಿ ಸುರಿಯುತ್ತಾರೆ, ಯಾವ ದಿಬ್ಬದ ಮೇಲೆ ಸಸಿ ನೆಡುತ್ತಾರೆ ಎಂಬುದರಿಂದ ಅವಳ ದಿನದ ಬುಟ್ಟಿ ತುಂಬುತ್ತದೆ ಇಲ್ಲವೇ ಖಾಲಿಯಾಗುತ್ತದೆ. ಈ ವರ್ಷ ಬಾಗಿಲು ಮುಚ್ಚುವ ಮೊದಲಿನ ಸಭೆಗೆ ಚಿಪ್ಪಿ ಆಯುವ ಊರುಗಳಿಂದ ಇಬ್ಬಿಬ್ಬರು ಹೆಂಗಸರನ್ನು ಕರೆಯಿರಿ, ಅವರ ಮಾತನ್ನು ನಡಾವಳಿಯಲ್ಲಿ ಬರೆದುಕೊಳ್ಳಿ, ಅವರ ಮತವನ್ನು ಎಣಿಸಿರಿ. ಇದಕ್ಕೆ ಕೇಂದ್ರದ ನಿಯಮ ತಿದ್ದಬೇಕಾಗಿಲ್ಲ, ಯಾವ ಯೋಜನೆಯ ಹಣವೂ ಬರಬೇಕಾಗಿಲ್ಲ. ಸಮಿತಿಯ ಅಧ್ಯಕ್ಷರಲ್ಲಿ ಕೆಲವರು ಈ ಸಭೆಯಲ್ಲೇ ಇದ್ದೀರಿ.